ಉಲ್ಟಾ ತಿರುಗಿದ ಫ್ಯಾನು

ರಾಮನಗರದ ಫ್ಯಾನ್ ರಿಪೇರಿ ಸಾಬರು ಯಾರ ಮನೆಗೆ ಹೋದರೂ ಮೊದಲು ಖಾಲಿ ರೂಮಿನ ಫ್ಯಾನ್ ಆರಿಸೋರು. "ಗಾಳಿ ಮನುಷ್ಯರಿಗೆ ಕಣಮ್ಮ, ಖಾಲಿ ಮನೆಗಲ್ಲ."

ಹಾರೋಹಳ್ಳಿಗೆ ಫ್ಯಾಕ್ಟರಿಗಳು ಬರುತ್ತಿದ್ದ ಕಾಲ. ಮರಳವಾಡಿಯ ನಮ್ಮನೆಯಲ್ಲಿ ರೇಷ್ಮೆಹುಳುಗಳು ಚಳಿಗೆ ಸೊಪ್ಪು ಮುಟ್ಟದೆ ಮಲಗಿದ್ದವು. ಇದ್ದಿಲ ಒಲೆ ಹಚ್ಚಿದರೂ ಹುಳುವಿನ ತಟ್ಟೆಗಳು ತಣ್ಣಗೇ ಇದ್ದವು. ಕರೆಸಿದಾಗ ಬಂದ ಸಾಬರು ಏಣಿ ಹತ್ತಿ ಸೂರಿನ ಕೆಳಗೆ ಕೈಯಾಡಿಸಿದರು.

"ಬಿಸಿಯೆಲ್ಲ ಇಲ್ಲಿ ಕೂತೈತೆ."

ವೈರು ಬದಲಿಸಿ, ಅಲ್ಲಿದ್ದ ಸೂರಿನ ಫ್ಯಾನು ಮೆಲ್ಲಗೆ ಹಿಂದಕ್ಕೆ ತಿರುಗುವಂತೆ ಮಾಡಿದರು. ಗಾಳಿ ಹುಳುವಿಗೆ ಬಡಿಯದೆ ಮೇಲಕ್ಕೆದ್ದು, ಬಿಸಿ ಗೋಡೆಗುಂಟ ಇಳಿಯಿತು. "ಉಲ್ಟಾ ಕಟ್ಬುಟ್ಟವ್ನೆ," ಎಂದು ಊರು ನಕ್ಕಿತು.

ನಮ್ಮ ರೇಷ್ಮೆಗೂಡು ಮಾರ್ಕೆಟ್ಟಿನಲ್ಲಿ ಎಲ್ಲರದಕ್ಕಿಂತ ಹೆಚ್ಚು ರೇಟಿಗೆ ಹೋದ ಮೇಲೆ ನಕ್ಕವರೇ ಫ್ಯಾನು ಹೊತ್ತು ಅವರ ಅಂಗಡಿ ಮುಂದೆ ಸಾಲು ನಿಂತರು. ನಾನು ಕೊಟ್ಟ ಗೂಡನ್ನು ಸಾಬರು ಕಿವಿ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಗಲಗಲ ಅನ್ನೋದನ್ನು ಕೇಳಿ, ಜೇಬಿಗಿಟ್ಟುಕೊಂಡು, ಆ ಸಾಲನ್ನೊಮ್ಮೆ ನಿಧಾನವಾಗಿ ನೋಡಿದರು.