ಬಿಸಿಲಿನಲ್ಲೇ ಉಳಿದ ಜೀನ್ಸ್

ಹೋದ ಭಾನುವಾರ ಒಂದು ಒದ್ದೆ ಜೀನ್ಸ್ ಪ್ಯಾಂಟು ನನ್ನನ್ನು ನೆಲಕ್ಕೆ ಕೆಡವಿತು.

ನಗಬೇಡಿ. ಒದ್ದೆ ಜೀನ್ಸ್ ಎತ್ತಿ ನೋಡಿದ್ದೀರಾ? ಒಣಗಿದ್ದಾಗ ಮಡಚಿ ಬಗಲಲ್ಲಿ ಇಟ್ಟುಕೊಂಡು ಓಡಾಡಬಹುದು. ನೀರು ಕುಡಿಯಿತೋ, ಬರಲೊಲ್ಲದ ಕರುವಿನ ಹಾಗೆ ಕೈಯನ್ನು ಕೆಳಗೆ ಜಗ್ಗುತ್ತದೆ. ಅದನ್ನು ಹಿಂಡಬೇಡಿ, ಹಿಂಡಬೇಡಿ ಎಂದು ನನ್ನ ರೆಡಿಮೇಡ್ ಅಂಗಡಿಗೆ ಬಂದವರಿಗೆಲ್ಲ ಹೇಳುವವಳು ನಾನೇ. ಆದರೆ ಅವತ್ತು ಸುರಪುರದ ಬಸ್ಸಿಗೆ ಹೊತ್ತಾಗಿತ್ತು. ಅಲ್ಲಿನ ರಂಗಂಪೇಟೆಯಲ್ಲಿ ಒಬ್ಬ ವ್ಯಾಪಾರಿ ಹಳೆಯ ಸ್ಟಾಕ್ ತೆಗೆಯುತ್ತಿದ್ದ. ಇಂಥ ಕಡೆ ಮೊದಲು ಹೋದವರಿಗೆ ಮಾಲು, ಆಮೇಲೆ ಹೋದವರಿಗೆ ಚಹಾ.

ಅವಸರಕ್ಕೆ ಬಿದ್ದು ಹಿಂಡಿದೆ. ಟೊಂಕ ಹಿಡಿಯಿತು.

ಪ್ಯಾಂಟನ್ನು ಹೇಗೋ ತಂತಿಗೆ ಹಾಕಿ, ಗೋಡೆ ಹಿಡಿದು ಒಳಗೆ ಬಂದೆ. ಅಭ್ಯಾಸಬಲ, ಬಾಗಿಲಿಗೆ ಚಿಲಕವನ್ನೂ ಹಾಕಿದೆ. ಒಂದು ನಿಮಿಷ ಮೈ ಚಾಚೋಣ ಎಂದು ಪಡಸಾಲೆಯ ಚಾಪೆಯ ಮೇಲೆ ಒರಗಿದವಳಿಗೆ ಮತ್ತೆ ಏಳಲು ಆಗಲಿಲ್ಲ. ಮೊಬೈಲು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಅಲ್ಲಿಂದಲೇ ರಿಂಗಾಗುತ್ತಿತ್ತು. ಯಾರೋ ಗಿರಾಕಿ ಇರಬೇಕು. ಭಾನುವಾರ ನನಗೆ ಬೇರೆ ಯಾರು ಫೋನ್ ಮಾಡುತ್ತಾರೆ?

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಒಬ್ಬಳೇ ಇರುವ ಹೆಂಗಸಿನ ತಂತಿಯ ಮೇಲೆ ಜೀನ್ಸ್ ಯಾರದು?

ಗಂಡಸಿನದು. ಆದರೆ ಯಾವ ಗಂಡಸಿನದೂ ಅಲ್ಲ.

ಗಂಟು ಹೊತ್ತು ಗೋಗಿ, ಸೈದಾಪುರ ಎಂದು ಬಸ್ಸಿನಲ್ಲಿ ಸುತ್ತಿ ಬಟ್ಟೆ ಮಾರಿದವಳು ನಾನು. ಶಹಾಪುರದಲ್ಲಿ ಅಂಗಡಿ ಹಿಡಿದ ಮೇಲೆ ಮನೆಯೂ ಬೇಕಾಯಿತು. ಮಾಲೀಕರ ಜೊತೆ ಬಾಡಿಗೆಯ ಚೌಕಾಸಿ ನಡೆಯಿತು, ನೀರಿನದೂ ನಡೆಯಿತು, ಕಿಟಕಿಗೆ ಹೊಸ ಜಾಲರಿಯನ್ನೂ ಅವರ ಕೈಯಿಂದಲೇ ಹಾಕಿಸಿದೆ. ಕೊನೆಗೆ ಅವರು ಕೇಳಿದರು, 'ಮನ್ಯಾಗ ಗಂಡಸ್ರು ಯಾರದಾರ?' ಇದರಲ್ಲಿ ಚೌಕಾಸಿ ಮಾಡುವುದು ಹೇಗೆ? ತಮ್ಮ ಇದ್ದಾನೆ, ಕಡೇಚೂರಿನ ಕಡೆ ಫ್ಯಾಕ್ಟರಿಯಲ್ಲಿ ಕೆಲಸ, ಶಿಫ್ಟು ಮುಗಿಸಿ ಬಂದು ಹೋಗುತ್ತಾನೆ ಎಂದುಬಿಟ್ಟೆ. ತಮ್ಮನೂ ಇಲ್ಲ, ಅಣ್ಣನೂ ಇಲ್ಲ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದಿದ್ದ, ಗಟ್ಟಿ ಆಳಿನ ಸೈಜಿನ ಒಂದು ನೀಲಿ ಜೀನ್ಸ್ ಇತ್ತು. ಅದನ್ನೇ ತಂದು ತಂತಿಗೆ ಹಾಕಿದೆ.

(ಒಂಟಿ ಹೆಣ್ಣುಮಕ್ಕಳೇ, ಇದು ಕಾವಲು ನಾಯಿಗಿಂತ ಸೋವಿ. ಊಟ ಕೇಳುವುದಿಲ್ಲ.)

ಆದರೆ ವಾರಗಟ್ಟಲೆ ಒಂದೇ ಕಡೆ ನೇತಾಡುವ ಪ್ಯಾಂಟನ್ನು ಯಾರು ನಂಬುತ್ತಾರೆ? ಧೂಳು ಕೂರುತ್ತದೆ, ಜೇಡ ಬಲೆ ಕಟ್ಟುತ್ತದೆ. ಹಾಗಾಗಿ ಭಾನುವಾರಕ್ಕೊಮ್ಮೆ ಒಗೆಯಲು ಶುರು ಮಾಡಿದೆ. ಒಗೆಯುವುದೇ ಆದರೆ ಸರಿಯಾಗಿ ಒಗೆಯಬೇಕಲ್ಲ?

ನಮ್ಮ ಕಡೆ ಕಾಲುವೆ ಬಂದಿತು, ಅದರ ಹಿಂದೆಯೇ ಜೀನ್ಸ್ ಬಂದಿತು. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆದು ಕೈಗೆ ದುಡ್ಡು ಹತ್ತಿದ ಹಾಗೆ ಧೋತರಗಳು ಪೆಟ್ಟಿಗೆ ಸೇರಿದವು. ಒಳ್ಳೆಯದೇ ಆಯಿತು, ನನ್ನ ಅಂಗಡಿ ನಡೆಯುವುದೇ ಅದರಿಂದ. ಆದರೆ ಒಗೆಯುವ ರೀತಿ ಮಾತ್ರ ಧೋತರದ್ದೇ. ಕಾಲುವೆಗೆ ನೀರು ಬಿಟ್ಟರೆ ಸಾಕು, ದಂಡೆಯಲ್ಲಿ ಜೀನ್ಸ್ ಹಾಸಿ, ಮುಷ್ಟಿಗಟ್ಟಲೆ ಪುಡಿ ಸುರಿದು, ಬ್ರಷ್ ಹಾಕಿ ತಿಕ್ಕಿ, ಕಲ್ಲಿಗೆ ಬಡಿಯುತ್ತಾರೆ. ನೀಲಿ ನೊರೆ ಮುಂದಿನ ಊರಿನ ಗದ್ದೆಗೆ ಹೋಗುತ್ತದೆ. ಅಲ್ಲಿನ ದನ ಅದನ್ನೇ ಕುಡಿಯುತ್ತದೆ. ಬಣ್ಣ ಹೋದ ಪ್ಯಾಂಟು ಹಿಡಿದುಕೊಂಡು ಅವರು ನನ್ನ ಅಂಗಡಿಗೆ ಜಗಳಕ್ಕೆ ಬರುತ್ತಾರೆ. ತಪ್ಪು ಬಟ್ಟೆಯದಂತೆ!

ಜೀನ್ಸನ್ನು ದಿನಾ ಒಗೆಯಲೇಬೇಕೆಂದು ಯಾರು ಹೇಳಿದರು? ಬೆವರಿದ್ದರೆ ಒಳಗನ್ನು ಹೊರಗೆ ಮಾಡಿ ಗಾಳಿಗೆ ಹಾಕಿ. ಕಲೆಯಾದರೆ ಕಲೆಯನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಿ. ಹೊಲಸಾಗಿದ್ದರೆ ಮಾತ್ರ ನೀರಿಗೆ ಹಾಕಿ. ಅದೂ ತಣ್ಣೀರಿಗೆ. ಗುಂಡಿ, ಜಿಪ್ ಹಾಕಿ, ತಿರುವಿ, ಒಂದೇ ಬಕೆಟ್ಟಿನಲ್ಲಿ ನೆನೆಯಿಟ್ಟು ಕೈಯಲ್ಲಿ ಒತ್ತಿದರೆ ಸಾಕು. ನಾನು ಅಂಟುವಾಳದ ಕಾಯಿ ನೆನೆಸಿ ಕಿವುಚಿದ ನೀರು ಬಳಸುತ್ತೇನೆ. (ಅಂಗಡಿಯಲ್ಲಿ ರೀಠಾ ಎಂದರೂ ಅದೇ ಕೊಡುತ್ತಾರೆ.) ಒಗೆದ ನೀರು ಅಂಗಳ ತೊಳೆಯಲು, ಜಾಲಾಡಿಸಿದ ನೀರು ಪಾಯಖಾನೆಗೆ. ಹಿಂಡದೆ, ಸೊಂಟದ ಪಟ್ಟಿ ಹಿಡಿದು ನೇತು ಹಾಕಿ. ತೊಟ್ಟಿಕ್ಕುವಲ್ಲಿ ಒಂದು ಬಕೆಟ್ ಇಡಿ. ಜೇಬು ಹೊರಗೆ ಎಳೆದಿರಲಿ, ಇಲ್ಲದಿದ್ದರೆ ಅಲ್ಲೇ ಮುಗ್ಗಲು ವಾಸನೆ ಹಿಡಿಯುತ್ತದೆ.

ಮುಖ್ಯವಾದದ್ದು ನೆರಳು. ನಮ್ಮ ಯಾದಗಿರಿ ಸೀಮೆಯ ಬಿಸಿಲಿಗೆ ಮನುಷ್ಯರ ಬಣ್ಣವೇ ಉಳಿಯುವುದಿಲ್ಲ, ಜೀನ್ಸ್ ಯಾವ ಲೆಕ್ಕ? ಗಾಳಿ ಸಾಕು. ನನ್ನ ತಂತಿ ಮನೆಯ ಪಡುವಣ ಬದಿಗೆ, ಸೂರಿನ ಕೆಳಗೆ, ಓಣಿಗೆ ಕಾಣುವ ಹಾಗೆ ಇದೆ. ಮಧ್ಯಾಹ್ನದವರೆಗೆ ಅಲ್ಲಿ ಗೋಡೆಯ ನೆರಳು. ಬಿಸಿಲು ಸುತ್ತಿ ಬರುವ ಮೊದಲು ಪ್ಯಾಂಟನ್ನು ತೆಗೆದು ಒಳಗಿನ ಹಗ್ಗಕ್ಕೆ ಹಾಕುತ್ತೇನೆ. ಒಂದು ವಾರವೂ ತಪ್ಪಿಸಿದವಳಲ್ಲ.

ಹೌದು, ಕಡಿಮೆ ಒಗೆಯಿರಿ ಎಂದು ಊರಿಗೆಲ್ಲ ಹೇಳುವ ನಾನು ಯಾರೂ ಹಾಕಿಕೊಳ್ಳದ ಪ್ಯಾಂಟನ್ನು ವಾರವಾರ ಒಗೆಯುತ್ತೇನೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಜೇಬು ಹೊರಗೆ ಎಳೆಯುವ ಮೊದಲು ಒಳಗೆ ಕೈ ಹಾಕಿ ನೋಡುತ್ತೇನೆ. ಬಸ್ ಟಿಕೆಟ್ಟು, ಬೀಡಿ ಚೂರು, ಏನಾದರೂ ಮರೆತಿದ್ದಾನೋ ಎಂದು.

ಅಂಥ ಪ್ಯಾಂಟು ಆ ಭಾನುವಾರ ಕಿಟಕಿಯಾಚೆ ನೇತಾಡುತ್ತಿತ್ತು. ನಾನು ಚಾಪೆಯ ಮೇಲೆ ಬಿದ್ದುಕೊಂಡು ಅದನ್ನೇ ನೋಡುತ್ತಿದ್ದೆ. ನೆರಳು ಮೊದಲು ಅದರ ಕಾಲು ಬಿಟ್ಟಿತು. ಆಮೇಲೆ ಮೊಣಕಾಲು. ಮಗ್ಗುಲಾಗಲು ನೋಡಿದರೆ ಕಣ್ಣಿಗೆ ಕತ್ತಲು ಬರುತ್ತಿತ್ತು. ಬಾಯಿ ಒಣಗಿತ್ತು. ನೀರಿನ ಕೊಡ ಕಣ್ಣೆದುರಿಗೇ ಇತ್ತು, ಕೈಗೆ ಮಾತ್ರ ಇರಲಿಲ್ಲ.

ನಮ್ಮೂರ ಗುಡ್ಡದಲ್ಲಿ ಬುದ್ಧ ಮಲಗಿದ ಹಾಗೆ ಕಾಣುತ್ತಾನಲ್ಲ, ಅವನನ್ನು ನೋಡಲು ಜನ ಕಾರು ಮಾಡಿಕೊಂಡು ಬರುತ್ತಾರೆ, ಫೋಟೊ ಹೊಡೆಯುತ್ತಾರೆ. ಅದೇ ಊರಿನಲ್ಲಿ ನಾನೂ ಮಲಗಿದ್ದೆ.

ಕೂಗಿದೆ. ಓಣಿಯಲ್ಲಿ ಯಾರದೋ ಟ್ರ್ಯಾಕ್ಟರಿನ ಹಾಡು ಜೋರಾಗಿತ್ತು. ಆಗಲೇ ಹೊಳೆದದ್ದು, ನಾನು ಮಾಡಿಕೊಂಡ ಏರ್ಪಾಡು ಎಂಥದ್ದೆಂದು. ಕೇಳಿಸಿದರೂ ಯಾರು ಬರುತ್ತಾರೆ? ಮನೆಯಲ್ಲಿ ತಮ್ಮ ಇದ್ದಾನಲ್ಲ. ತಂತಿಯ ಮೇಲೆ ಪ್ಯಾಂಟು ಇದೆಯಲ್ಲ. ಬರಬಾರದವರು ಬರದಿರಲಿ ಎಂದು ನೇತು ಹಾಕಿದ್ದು ಬರಬೇಕಾದವರನ್ನೂ ಬಾಗಿಲಲ್ಲೇ ತಡೆಯುತ್ತದೆ. ಇಷ್ಟು ವರ್ಷ ವ್ಯಾಪಾರ ಮಾಡಿದವಳಿಗೆ ಈ ನಷ್ಟ ಕಾಣಲೇ ಇಲ್ಲ.

ಬಿಸಿಲು ಸೊಂಟದ ಪಟ್ಟಿಯವರೆಗೂ ಏರಿತು. ಇನ್ನು ಕೂಗುವುದೂ ಬೇಡ ಎನಿಸಿ ಸುಮ್ಮನಾದೆ. ಆಗ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ಪಕ್ಕದ ಮನೆಯ ಮಹಾದೇವಿ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುವವಳು. ಅವಳ ಒಲೆಯ ಮುಂದೆ ಕುಳಿತರೆ ನನ್ನ ತಂತಿ ಕಾಣುತ್ತದೆ. ನಮ್ಮಿಬ್ಬರ ನಡುವೆ ಮಾತೆಂದರೆ ರೊಟ್ಟಿಯ ರೇಟಿನ ಮಾತು. ಅದೂ ನಾನು ಇಳಿಸುವುದು, ಅವಳು ಏರಿಸುವುದು.

'ಅಕ್ಕಾ, ಪ್ಯಾಂಟು ಬಿಸಲಾಗ ಸುಡಾಕತ್ತ್ಯಾದ. ಒಳಗ ಅದೀರೇನು?'

'ಅದೀನಿ. ಏಳಾಕ ಬರವಲ್ದು.'

ಅವಳು ತಂತಿ ಜೋಲದಂತೆ ನಾನು ಆನಿಸಿಟ್ಟಿದ್ದ ಕವೆಗೋಲನ್ನು ಕಿತ್ತು ತಂದಳು. ಕಿಟಕಿ ಬಾಗಿಲಿನ ಮಗ್ಗುಲಲ್ಲೇ ಇದೆ. ಜಾಲರಿಯ ಮೂಲೆ ಎತ್ತಿ, ಕೋಲು ತೂರಿಸಿ, ಚಿಲಕ ಸರಿಸಿದಳು. (ನಾನು ಚೌಕಾಸಿ ಮಾಡಿ ಹಾಕಿಸಿದ ಜಾಲರಿ ಎಷ್ಟು ಗಟ್ಟಿ ಎಂದು ಅವತ್ತು ತಿಳಿಯಿತು.) ಒಳಗೆ ಬಂದವಳೇ ನೀರು ಕುಡಿಸಿದಳು. ಅವಳ ಹಂಚಿನ ಮೇಲೆ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ತಂದು, ಟೊಂಕಕ್ಕೆ ಕಾವು ಕೊಟ್ಟಳು.

ಯಾವ ಅನುಮಾನದಿಂದ ಬಂದೆ ಎಂದು ಕೇಳಿದೆ. ನೀವು ಆ ಪ್ಯಾಂಟಿಗೆ ಒಂದು ದಿನವೂ ಬಿಸಿಲು ತಾಕಿಸಿದವರಲ್ಲ, ಇವತ್ತು ಯಾಕೆ ಹಾಗೇ ಬಿಟ್ಟಿರಿ ಅನ್ನಿಸಿತು ಎಂದಳು. ಅಷ್ಟಕ್ಕೇ ರೊಟ್ಟಿ ಬಿಟ್ಟು ಎದ್ದು ಬಂದಿದ್ದಳು.

'ಒಳಗ ತಮ್ಮ ಇದ್ದಾನ, ನೋಡ್ಕೋತಾನ ಅನ್ನಿಸ್ಲಿಲ್ಲೇನು?'

ಮಹಾದೇವಿ ಉಪ್ಪಿನ ಗಂಟು ಒತ್ತುತ್ತಲೇ ಇದ್ದಳು.

'ಯಾವ ತಮ್ಮರಿ ಅಕ್ಕಾ? ಬಣ್ಣ ಹ್ವಾದ್ರ ಅದರದು ತಂತಿ ತಾಕೂ ಪಟ್ಟ್ಯಾಗ ಹೋಗ್ಯಾದ. ಮಣಕಾಲು ಹೊಸಾದು ಹೊಸಾದೇ ಅದಾವ. ನಿಮ್ಮ ತಮ್ಮ ಒಮ್ಮಿನೂ ಕುಂದ್ರಂಗಿಲ್ಲೇನು?'

ಜೀನ್ಸ್ ಮಾರುವವಳು ನಾನು. ಮೊಣಕಾಲು ನೋಡಿ ಹಳೆಯದು ಹೊಸದು ಹೇಳುವವಳು. ಈ ತಂತ್ರ ಹೂಡುವಾಗ ಅದೊಂದನ್ನೇ ಮರೆತಿದ್ದೆ. ಗೊತ್ತಿದ್ದರೂ ಯಾಕೆ ಕೇಳಲಿಲ್ಲ ಎಂದೆ.

'ಕೇಳಿದ್ರ ನೀವು ಮುಂದಿನ ವಾರ ಒಂದು ಅಂಗಿನೂ ತಂದು ಹಾಕತಿದ್ರಿ.'

ನಕ್ಕರೆ ಟೊಂಕ ನೋಯುತ್ತಿತ್ತು. ಆದರೂ ನಕ್ಕೆ. ಓಣಿಗೆಲ್ಲ ಗೊತ್ತಾಗಿದೆಯೇ ಎಂದು ಮೆಲ್ಲಗೆ ಕೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

'ನಾ ಯಾರಿಗಿ ಹೇಳ್ಲಿ? ಕೇಳಿದವ್ರಿಗಿ, ಅಕ್ಕನ ತಮ್ಮ ನೈಟ್ ಶಿಫ್ಟ್ ಮಾಡಿ ಬಂದು ಮಲಗ್ಯಾನ ಅಂತೀನಿ.'

ಇಷ್ಟು ದಿನ ನನ್ನ ತಮ್ಮನನ್ನು ನಾನೊಬ್ಬಳೇ ಸಾಕುತ್ತಿದ್ದೇನೆ ಎಂದುಕೊಂಡಿದ್ದೆ.

ಈ ಭಾನುವಾರ ಪ್ಯಾಂಟು ಒಗೆಯಲಿಲ್ಲ. ಯಾರೂ ಹಾಕಿಕೊಳ್ಳದ ಬಟ್ಟೆಗೆ ನೀರು ಯಾಕೆ ದಂಡ? ಒಣಗಿದ್ದನ್ನೇ ಬೆಳಗ್ಗೆ ತಂತಿಗೆ ಹಾಕಿದೆ, ಬಿಸಿಲು ಸುತ್ತಿ ಬರುವ ಮೊದಲು ತೆಗೆದೆ. ತೆಗೆಯುವಾಗ ಆಚೆ ನೋಡಿದೆ. ಮಹಾದೇವಿ ಒಲೆಯ ಮುಂದಿನಿಂದಲೇ ಕತ್ತೆತ್ತಿ ನೋಡಿ, ಮತ್ತೆ ರೊಟ್ಟಿ ಬಡಿಯತೊಡಗಿದಳು. ಸಂಜೆ ರೊಟ್ಟಿ ತರಲು ಹೋದಾಗ ರೇಟು ಕೇಳದೆ ತಂದೆ. (ಒಂದೇ ದಿನದ ಮಟ್ಟಿಗೆ. ನಾಳೆಯಿಂದ ಮತ್ತೆ ಚೌಕಾಸಿ ಇದೆ.)

ಹಿಂಡಬೇಡಿ, ಬಡಿಯಬೇಡಿ, ನೆರಳಿನಲ್ಲಿ ಒಣಗಿಸಿ. ಇಷ್ಟನ್ನು ನಾನು ಹೇಳಬಲ್ಲೆ. ಆದರೆ ನಿಮ್ಮ ಜೀನ್ಸ್ ಬಿಸಿಲಿನಲ್ಲೇ ಉಳಿದುಹೋದರೆ, ಎದ್ದು ಬಂದು ಕೂಗುವವರು ಯಾರಿದ್ದಾರೆ?