ಮಾಲಕರು ಮಲಗ್ಯಾರ

ಬೆಲ್ಲದ ಪಾಕ ಕುದಿಯುವ ಹತ್ತಿರ ಕೂತು ಎಚ್ಚರವಾಗಿರುವುದು ನಿಮಗೆ ಸಾಧ್ಯವೇ? ನನಗಂತೂ ಆಗಲಿಲ್ಲ.

ಮೊನ್ನೆ ಬೇಡಕಿಹಾಳದ ಹೊರಗಿರುವ ಗೆಳೆಯ ಅಣ್ಣಾಸಾಬನ ಆಲೆಮನೆಗೆ ಹೋಗಿದ್ದೆ. (ಆಲೆಮನೆ ಅಂದರೆ ಅವನಿಗೆ ಸಿಟ್ಟು. ಅದು ‘ಕಂಪನಿ’. ಬೋರ್ಡಿದೆ, ಕ್ಯಾಮೆರಾ ಇದೆ, ವಾಟ್ಸಾಪ್ ಗ್ರೂಪೂ ಇದೆ.) ‘ನಮ್ಮ ಕಂಪನಿ ಮ್ಯಾಲ ನಾಕ ಸಾಲ ಬರಿಯೋ ದೋಸ್ತಾ’ ಎಂದು ಕರೆದಿದ್ದ.

ಸಂಜೆಗೆ ಪುಣೆಯ ವ್ಯಾಪಾರಿ ಬರುವವನಿದ್ದ. ಮಧ್ಯಾಹ್ನದ ಕೊಪ್ಪರಿಗೆಯ ಬೆಲ್ಲ ಅವನ ನಾಲಿಗೆಗೆ ಹಿಡಿಸಿದರೆ ಇಡೀ ಹಂಗಾಮಿನ ಮಾಲು ಅವನಿಗೇ. ‘ಇದೊಂದ ಕೈತಪ್ಪಿದ್ರ ಮುಂದಿನ ವರ್ಷ ಗಾಣ ಬಂದ್’ ಎಂದು ಗೆಳೆಯ ಹೇಳಿದಾಗ ದನಿ ಸಣ್ಣಗಾಗಿತ್ತು.

ಅವನ ಅಪ್ಪನ ಕಾಲದ ಆಲೆಮನೆ ನನಗೆ ನೆನಪಿದೆ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿ, ಎಲ್ಲರೂ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ‘ಆತು!’ ಅಂತ ಒಬ್ಬ, ‘ಆಗಿಲ್ಲೋ!’ ಅಂತ ಇನ್ನೊಬ್ಬ. ಉರಿ ಹಾಕುವವನೂ ಮಾಲಕನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ. ಆ ಗದ್ದಲದಲ್ಲೇ ಬೆಲ್ಲ ಬಂಗಾರದ ಬಣ್ಣಕ್ಕೆ ಬರುತ್ತಿತ್ತು.

ಈಗ ಗದ್ದಲವಿಲ್ಲ. ಗ್ರೂಪಿನಲ್ಲಿ ಅಡ್ಮಿನ್ ಅಣ್ಣಾಸಾಬ ಮಾತ್ರ ಬರೆಯಬಹುದು. (ನನ್ನನ್ನೂ ಸೇರಿಸಿದ್ದಾನೆ.) ‘ನನ್ನ ಕೇಳದ ಪಾಕ ಇಳಿಸಬಾರದು.’ ‘ನಾ ಮಲಗಿದಾಗ ಎಬ್ಬಿಸಬಾರದು.’ ಪಾಕದ ಹದ ನೋಡುವವನು ಮಾರುತಿ. ಹೋದ ತಿಂಗಳು ಅವನ ಅಳಿಯ ಕೇಳದೆ ಇಳಿಸಿಬಿಟ್ಟ. ಬೆಲ್ಲ ಚೆನ್ನಾಗಿಯೇ ಬಂತು. ಆದರೂ ಅಣ್ಣಾಸಾಬ ಅಳಿಯನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದ.

ಊಟವಾದ ಮೇಲೆ ಅಣ್ಣಾಸಾಬ ಹೊರಸಿನ ಮೇಲೆ ಹಾಗೇ ಒರಗಿದ. ನಾನು ಕುರ್ಚಿಯಲ್ಲಿದ್ದೆ. ಸಿಹಿ ಹಬೆ ಮೈಮೇಲೆ ಹಾಯುತ್ತಿತ್ತು. ಹಬೆಯೊಳಗೆ ಜನ ನೀರಿನಡಿಯಲ್ಲಿ ನಡೆದಾಡಿದ ಹಾಗೆ ಕಾಣುತ್ತಿದ್ದರು. ಹಳೇ ಕಾಲದ ‘ಆತು, ಆಗಿಲ್ಲ’ ಎಲ್ಲೋ ದೂರದಿಂದ ಕೇಳಿಸಿತು. ಎಷ್ಟು ಹಿತವಾಗಿತ್ತು! ಕಣ್ಣು ತೆರೆದರೆ ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರೂ ಕೊಪ್ಪರಿಗೆಯ ಸುತ್ತ ನಿಂತಿದ್ದರು. ಪಾಕ ಬಂಗಾರದ ಬಣ್ಣ ದಾಟಿ ಕೆಂಪಾಗುತ್ತಿತ್ತು.

‘ಇಳಿಸ್ರಿ!’ ಅಂದೆ.

ಮಾರುತಿ ಕ್ಯಾಮೆರಾ ನೋಡಿದ, ಹೊರಸು ನೋಡಿದ. ‘ಮಾಲಕರು ಮಲಗ್ಯಾರ’ ಎಂದು ಪಿಸುಗುಟ್ಟಿದ.

‘ಎಬ್ಬಿಸ್ರಿ ಮತ್ತ.’

‘ನೀವ ಎಬ್ಬಿಸ್ರಿ, ಸಾಹೇಬ್ರ.’

ಉರಿ ಹಾಕುವವನು, ‘ಬೆಂಕಿ ಎಳೀಲೇನ್ರಿ?’ ಅಂದ. ಉತ್ತರ ಕೊಡುವ ಅಧಿಕಾರ ಯಾರಿಗಿತ್ತು?

ನಾನೇನು ಅವನ ನೌಕರನೇ? ಅಲ್ಲ. ಆದರೂ ಕೈ ಹೊರಸಿನತ್ತ ಹೋಗಲೊಲ್ಲದು. ಹೆದರಿಕೆ ಅಂಟುಜಾಡ್ಯ ಸ್ವಾಮಿ, ಸಂಬಳದ ಚೀಟಿ ನೋಡಿ ಬರುವುದಿಲ್ಲ. ಕಡೆಗೆ ಅವನನ್ನು ಎಬ್ಬಿಸಿದ್ದು ಸೀದ ವಾಸನೆ.

‘ಯಾರೂ ಯಾಕ ಹೇಳಲಿಲ್ಲಲೇ?’ ಎಂದು ಕೂಗಾಡಿದ. ಮಾರುತಿ ತಲೆ ತಗ್ಗಿಸಿ ಹೇಳಿದ: ‘ನೀವ ಎಬ್ಬಿಸಬ್ಯಾಡ ಅಂದಿದ್ರೆಲ್ರಿ.’ ಅದರಲ್ಲಿ ವ್ಯಂಗ್ಯವಿರಲಿಲ್ಲ.

ವ್ಯಾಪಾರಿ ಬಂದ. ಕಪ್ಪು ಬೆಲ್ಲದ ಚೂರು ಬಾಯಿಗೆ ಹಾಕಿ, ನಕ್ಕು, ಮರಾಠಿಯಲ್ಲಿ ‘ಬಘೂಯಾ’ ಅಂದ. ನೋಡೋಣ. (ನಮ್ಮ ಗಡಿಯ ಕಡೆ ‘ನೋಡೋಣ’ ಅಂದರೆ ಮುಗಿಯಿತು ಅಂತಲೇ ಅರ್ಥ.) ಕಾರು ಹೋದ ಧೂಳಿನಲ್ಲಿ ಅಣ್ಣಾಸಾಬ ಬಹಳ ಹೊತ್ತು ನಿಂತಿದ್ದ. ಬೈಯಲು ನನಗೆ ಮನಸ್ಸಾಗಲಿಲ್ಲ. ಕೆಟ್ಟವನಲ್ಲ ಅವನು. ತಾನೊಬ್ಬನೇ ಎಚ್ಚರವಿದ್ದರೆ ಸಾಕು ಅಂದುಕೊಂಡಿದ್ದ, ಅಷ್ಟೇ. ಒಬ್ಬ ಮನುಷ್ಯ ಎಷ್ಟು ಹೊತ್ತು ಎಚ್ಚರವಿದ್ದಾನು?

ಮರುದಿನವೇ ಗ್ರೂಪನ್ನು ಎಲ್ಲರಿಗೂ ತೆರೆದ. ಅಳಿಯನನ್ನೂ ವಾಪಸ್ ಕರೆಸಿದ. ‘ಇನ್ನ ಯಾರ ಬೇಕಾದ್ರೂ ಏನ ಬೇಕಾದ್ರೂ ಹೇಳ್ರಿ’ ಎಂದು ಬರೆದ. ಮಾರುತಿಯ ಕಡೆಯಿಂದ ಒಂದು ಕೈಮುಗಿದ ಚಿತ್ರ ಬಂತು. ಉಳಿದವರಿಂದ ಅದೂ ಇಲ್ಲ. ಇವತ್ತು ಬೆಳಿಗ್ಗೆ ಅಣ್ಣಾಸಾಬ ಮತ್ತೆ ಬರೆದಿದ್ದಾನೆ: ‘ಒಬ್ಬರಾದ್ರೂ ಮಾತಾಡ್ರೆಪಾ.’

ನೀಲಿ ಟಿಕ್ ಬಿದ್ದಿದೆಯಂತೆ. ಎಲ್ಲರೂ ಓದಿದ್ದಾರೆ.