ಮಧ್ವೇಶರಾಯರ ಕಿಡಕಿ

ಶಿಗ್ಗಾವಿ ದವಾಖಾನೆಯ ಕಂಪೌಂಡರ್ ಮಧ್ವೇಶರಾಯರು ಚೀಟಿ ಕೊಟ್ಟ ಕೂಡಲೇ ಔಷಧ ಕೊಟ್ಟದ್ದನ್ನು ಕಂಡವರು ಇಡೀ ತಾಲೂಕಿನಲ್ಲಿ ಇರಲಿಲ್ಲ. ಕಿಡಕಿಯ ಮುಂದಿನ ಸಾಲು ಬಸ್ ನಿಲ್ದಾಣ ಮುಟ್ಟಿದರೂ "ಮೊದ್ಲ ಮನ್ಯಾಗಿನ ಗುಳಿಗಿ ತೋರಸ್ರಿ" ಎಂದು ಚೀಲ ಬಿಚ್ಚಿಸುವರು, ಉಡಿಯಲ್ಲಿನ ದೇವರ ಅಂಗಾರದ ಪೊಟ್ಟಣವನ್ನೂ ಮೂಸಿ ನೋಡುವರು, ಕೊನೆಗೆ ಗುಳಿಗೆ ತಗೊಳ್ಳುವ ಬಗೆ ತಿಳಿಸಿ "ಹೊಳ್ಳಿ ಹೇಳ್ರಿ" ಎಂದು ಮಗ್ಗಿಯಂತೆ ಒಪ್ಪಿಸಿಕೊಳ್ಳುವರು. ಇದನ್ನು ಕಂಡರೆ ದುಂಡಸಿಯ ಕುಬೇರಪ್ಪನಿಗೆ ಮೈಯೆಲ್ಲ ಉರಿ. ಹೋದ ವಾರ ಅವ್ವ ನಾಗವ್ವನ ಬಿ.ಪಿ. ಗುಳಿಗೆಗೆ ಒಬ್ಬನೇ ಬಂದವನು "ಮನ್ಯಾಗ ಏನೂ ಇಲ್ರಿ, ಲಗೂನ ಕೊಡ್ರಿ" ಎಂದು ಸುಳ್ಳು ಹೇಳಿ ಒಯ್ದಿದ್ದ. ಅಂದಿನಿಂದ ನಾಗವ್ವ ಎರಡು ಸಲ ತಲೆ ತಿರುಗಿ ಬಿದ್ದಿದ್ದಳು. ಇಂದು ಅವಳನ್ನೇ ಕರೆತಂದಿದ್ದ. "ನಮ್ಮವ್ವಗ ಔಷಧ ಕೊಡ್ತೀರೋ, ಪರೀಕ್ಷಾ ತಗೋತೀರೋ?" ಎಂದು ಗುಡುಗಿದರೂ ರಾಯರು ಚೀಲ ಬಿಚ್ಚಿಸಿಯೇ ಬಿಟ್ಟರು. ಅವಳ ಚೀಲದಿಂದ ಸವಣೂರಿನ ಡಾಕ್ಟರು ಕೊಟ್ಟಿದ್ದ ಬಿಳಿ ಗುಳಿಗೆ ಹೊರಬಂತು. ಅದನ್ನೂ ಇಲ್ಲಿಯ ಹಳದಿಯದನ್ನೂ ಹಿಡಿದು ರಾಯರು ಡಾಕ್ಟರರ ಕೋಣೆಗೆ ನಡೆದರು. "ಎರಡೂ ಒಂದ ಔಷಧರೀ ಸಾಹೇಬ್ರ, ಹೆಸರಷ್ಟ ಬ್ಯಾರೆ. ಎರಡೂ ನುಂಗಿ ನಾಗವ್ವ ಬೀಳ್ಲಿಕತ್ತಾರ" ಎಂಬ ಮೆಲುದನಿ, ಬೆನ್ನಿಗೇ "ನನಗ ಕಲಸ್ಲಿಕ್ಕೆ ಬಂದೀಯೇನು?" ಎಂಬ ಡಾಕ್ಟರರ ಕೂಗು ಹೊರಗಿನ ಬೆಂಚಿನಲ್ಲಿದ್ದ ಕುಬೇರಪ್ಪನಿಗೂ ಕೇಳಿಸಿದವು. ರಾಯರು ಕನ್ನಡಕ ಒರೆಸುತ್ತ ತಿದ್ದಿದ ಚೀಟಿಯೊಂದಿಗೆ ಬಂದರು. "ನಮ್ಮ ಸಾಹೇಬ್ರು ಭಾಳ ಶಾಣ್ಯಾರು, ಅವರೇ ಹುಡುಕಿ ತಗದ್ರು. ಹಳದೀದು ಬ್ಯಾಡ ನಾಗವ್ವ, ಬಿಳೀದೊಂದ ಸಾಕು, ಮುಂಜಾನೆ." ಕುಬೇರಪ್ಪ ರುಮಾಲಿನಿಂದ ಕಣ್ಣೊರೆಸಿಕೊಂಡು, ತಗ್ಗಿದ ದನಿಯಲ್ಲಿ ಅಂದ: "ಅವ್ವಾ, ರಾಯರು ಏನಂದ್ರು? ಹೊಳ್ಳಿ ಹೇಳು."